ಮನೆಗೆ ಮೊದಲು ಶಾಲೆಯ ಜಾಗ ಗುರುತಾಗಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಯಾವ ರಸ್ತೆಯಿಂದ ಹೊರಬಿದ್ದರೂ ಎರೆಹೊಲ, ಗದ್ದೆಗಳ ನಡುವೆ ಕಣ್ಣಿಗೆ ಬೀಳುವುದು ಗಡಿಕಲ್ಲು ನೆಟ್ಟ ಹೊಸ ಬಡಾವಣೆಗಳು. ಜನ ಅವನ್ನು ಎನ್.ಎ. ಪ್ಲಾಟು ಎನ್ನುತ್ತಾರೆ. ಬಸ್ ನಿಲ್ದಾಣ ಎಷ್ಟು ದೂರ, ಹೆದ್ದಾರಿ ಎಷ್ಟು ಹತ್ತಿರ ಎಂದೆಲ್ಲ ಕರಪತ್ರಗಳು ವರ್ಣಿಸುತ್ತವೆ. ಅಲ್ಲಿ ಮನೆ ಕಟ್ಟಿಕೊಳ್ಳುವವರ ಮಕ್ಕಳು ಯಾವ ಸರ್ಕಾರಿ ಶಾಲೆಗೆ ನಡೆದು ಹೋಗಬೇಕು ಎಂಬುದನ್ನು ಮಾತ್ರ ನಾನು ಯಾವ ಕರಪತ್ರದಲ್ಲಿಯೂ ಕಂಡಿಲ್ಲ. ಅದನ್ನು ಹೇಳುವುದು ನಿವೇಶನ ಮಾರುವವರ ಹೊಣೆಯಲ್ಲ ಎನ್ನಬಹುದು. ಹಾಗಿದ್ದರೆ ಅದು ಯಾರ ಹೊಣೆ?

ಈ ಪ್ರಶ್ನೆಯನ್ನು ಮುಂದೂಡುವ ಕಾಲ ಇದಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 12 ಲಕ್ಷವಿದ್ದದ್ದು 2011ರ ಹೊತ್ತಿಗೆ ಸುಮಾರು 13.9 ಲಕ್ಷಕ್ಕೆ ಏರಿತ್ತು. ಗಂಗಾವತಿಗೆ 2019ರಲ್ಲಿ ರೈಲು ಬಂತು; ಕುಷ್ಟಗಿಗೆ 2025ರಲ್ಲಿ ಬಂತು. ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಬಿತ್ತು. ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳು ಅದಕ್ಕೂ ಮೊದಲಿನಿಂದ ದುಡಿಮೆಗಾರರನ್ನು ಸೆಳೆಯುತ್ತಿವೆ. ರೈಲು, ರಸ್ತೆ, ಕಾರ್ಖಾನೆ ಬಂದಲ್ಲಿಗೆ ಮನೆಗಳು ಬರುತ್ತವೆ, ಮನೆಗಳೊಂದಿಗೆ ಮಕ್ಕಳು.

ಕಾನೂನು ಈ ವಿಚಾರದಲ್ಲಿ ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯಲ್ಲಿ ಶಾಲೆ ಒದಗಿಸುವುದನ್ನು ಸರ್ಕಾರದ ಕರ್ತವ್ಯವೆಂದು ಸಾರಿದೆ. ರಾಜ್ಯದ ನಿಯಮಗಳ ಪ್ರಕಾರ ಐದನೆಯ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ, ಎಂಟನೆಯ ತರಗತಿವರೆಗಿನದು ಮೂರು ಕಿಲೋಮೀಟರ್ ಒಳಗೆ ಇರಬೇಕು. ಇತ್ತ ಬಡಾವಣೆಗಳಿಗೆ ಅನುಮೋದನೆ ನೀಡುವಾಗ ನಾಗರಿಕ ಸೌಲಭ್ಯಕ್ಕೆಂದು ಸಿ.ಎ. ನಿವೇಶನಗಳನ್ನು ಮೀಸಲಿಡುವ ಪದ್ಧತಿಯೂ ಇದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಂತೂ ತನ್ನ ಬಡಾವಣೆಗಳಲ್ಲಿ ಉದ್ಯಾನ ಮತ್ತು ಆಟದ ಮೈದಾನಕ್ಕೆ ಶೇ 15, ನಾಗರಿಕ ಸೌಲಭ್ಯಕ್ಕೆ ಶೇ 10ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಕಡ್ಡಾಯಗೊಳಿಸಿದೆ.

ತೊಡಕು ಇರುವುದು ಎರಡು ಕಡೆ. ಮೊದಲನೆಯದು, ಸಿ.ಎ. ನಿವೇಶನ ಎಂದರೆ ಶಾಲೆಯ ನಿವೇಶನ ಎಂದೇನೂ ಅಲ್ಲ. ಅಂಚೆ ಕಚೇರಿ, ಬ್ಯಾಂಕು, ಆಸ್ಪತ್ರೆ, ಸಮುದಾಯ ಭವನ ಎಲ್ಲವೂ ಅದರ ಹಕ್ಕುದಾರರೇ. ಎರಡನೆಯದು, ನಮ್ಮ ಪಟ್ಟಣಗಳು ಒಂದು ದೊಡ್ಡ ಬಡಾವಣೆಯಾಗಿ ಬೆಳೆಯುವುದಿಲ್ಲ; ನಾಲ್ಕೆಕರೆ, ಐದೆಕರೆಯ ತುಂಡುಗಳಾಗಿ ಬೆಳೆಯುತ್ತವೆ. ಐದೆಕರೆಯಲ್ಲಿ ಶೇ 5 ಜಾಗ ಬಿಟ್ಟರೂ ಸಿಗುವುದು ಹತ್ತು ಗುಂಟೆ. ಅಂಥ ಇಪ್ಪತ್ತು ಬಡಾವಣೆಗಳು ಒಟ್ಟುಗೂಡಿದರೆ ನೂರು ಎಕರೆಯ ಹೊಸ ಊರೇ ಆಗುತ್ತದೆ. ಆದರೆ ಆ ಊರಿನ ಸಾರ್ವಜನಿಕ ಜಾಗ ಇಪ್ಪತ್ತು ಮೂಲೆಗಳಲ್ಲಿ ಹತ್ತತ್ತು ಗುಂಟೆಯಾಗಿ ಚದುರಿಹೋಗಿರುತ್ತದೆ. ಕೊಠಡಿ, ಅಡುಗೆ ಕೋಣೆ, ಪ್ರತ್ಯೇಕ ಶೌಚಾಲಯ, ಗ್ರಂಥಾಲಯ, ಆಟದ ಮೈದಾನ ಇವೆಲ್ಲವನ್ನೂ ಕಾಯ್ದೆ ಕೇಳುತ್ತದೆ. ಹತ್ತು ಗುಂಟೆಯಲ್ಲಿ ಅವನ್ನು ಎಲ್ಲಿ ಹೊಂದಿಸುವುದು?

ಲೆಕ್ಕ ಕಠಿಣವೇನಲ್ಲ. ಒಂದು ಸಾವಿರ ಮನೆ, ಮನೆಗೆ ಐವರು, ಆರು ಜನರಲ್ಲಿ ಒಬ್ಬರು ಆರರಿಂದ ಹದಿನಾಲ್ಕು ವಯಸ್ಸಿನವರು ಎಂದಿಟ್ಟುಕೊಳ್ಳೋಣ. ಸುಮಾರು 830 ಮಕ್ಕಳಾದರು. ಪ್ರಾಥಮಿಕ ಹಂತಕ್ಕೆ ಕಾಯ್ದೆ ಹೇಳುವಂತೆ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರೆಂದರೂ ಇಪ್ಪತ್ತೆಂಟು ಶಿಕ್ಷಕರು, ಅಷ್ಟೇ ಕೊಠಡಿಗಳು. ಅರ್ಧದಷ್ಟು ಮಕ್ಕಳು ಖಾಸಗಿ ಶಾಲೆಗೆ ಹೋದರೂ ಉಳಿದ ಅರ್ಧವನ್ನು ಹಳೆಯ ಊರಿನ ಶಾಲೆಗೆ ತುರುಕಲು ಬರುವುದಿಲ್ಲ. ಜೊತೆಗೆ, ಹೊಸ ಬಡಾವಣೆಗೆ ಬರುವ ಕುಟುಂಬಗಳಲ್ಲಿ ಎಳೆಯ ದಂಪತಿಗಳೇ ಹೆಚ್ಚು. ಮೊದಲು ಅಂಗನವಾಡಿಗೆ ನೂಕುನುಗ್ಗಲು, ಐದಾರು ವರ್ಷಕ್ಕೆ ಪ್ರಾಥಮಿಕ ಶಾಲೆಗೆ, ಹತ್ತು ವರ್ಷಕ್ಕೆ ಪ್ರೌಢಶಾಲೆಗೆ. ಈ ಅಲೆ ಬರುವುದು ಮೊದಲೇ ಗೊತ್ತಿರುತ್ತದೆ. ಆದರೂ ಪ್ರತಿ ಸಲವೂ ಅನಿರೀಕ್ಷಿತವೆಂಬಂತೆ ನಾವು ಗಾಬರಿಯಾಗುತ್ತೇವೆ.

ಇದರ ಬೆಲೆ ತೆರುವವರು ಯಾರು? ಕಾರು, ಶಾಲಾ ಬಸ್ಸು ಇರುವ ಮನೆಯವರಲ್ಲ. ಬಡಾವಣೆಯಲ್ಲಿ ಮನೆಗೆಲಸ, ಗಾರೆ ಕೆಲಸ ಮಾಡುವವರ ಮಕ್ಕಳು; ಅವರಲ್ಲೂ ಹೆಣ್ಣುಮಕ್ಕಳು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಪುರುಷರ ಸಾಕ್ಷರತೆ ಸುಮಾರು ಶೇ 78. ಮಹಿಳೆಯರದು ಶೇ 58ನ್ನೂ ಮುಟ್ಟಿರಲಿಲ್ಲ. ಹೆದ್ದಾರಿ ದಾಟಿ ಹೋಗಬೇಕಾದ ಶಾಲೆಗೆ ಮಗಳನ್ನು ಒಬ್ಬಳನ್ನೇ ಕಳಿಸಲು ತಾಯಿ ಹಿಂಜರಿದರೆ ಅದನ್ನು ಮೌಢ್ಯವೆನ್ನಲಾಗದು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಅದನ್ನು ಅಳಿಸುವ ಆಸೆ ನಮಗಿದ್ದರೆ ದಾರಿ ಶಾಲೆಯ ಬಾಗಿಲಿನಿಂದಲೇ ಹೋಗಬೇಕು.

ಪ್ರದೇಶಕ್ಕೆ ಸಂವಿಧಾನದ 371-ಜೆ ವಿಧಿಯ ಬಲವಿದೆ, ಅಭಿವೃದ್ಧಿ ಮಂಡಳಿಯ ಅನುದಾನವಿದೆ. ಅನುದಾನದಿಂದ ಕೊಠಡಿ ಕಟ್ಟಬಹುದು. ಒಮ್ಮೆ ಮಾರಾಟವಾಗಿ ಮನೆಯೆದ್ದ ನೆಲವನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಆದ್ದರಿಂದ ಮಾಡಬೇಕಾದ್ದು ಮೂರು. ಪಟ್ಟಣದ ಪ್ರತಿ ದಿಕ್ಕಿನಲ್ಲೂ ಶಾಲೆಗೆ ಕನಿಷ್ಠ ಎರಡೆಕರೆಯನ್ನು ಮಹಾಯೋಜನೆಯ ನಕ್ಷೆಯಲ್ಲೇ ಗುರುತಿಸಬೇಕು. ಅಕ್ಕಪಕ್ಕದ ಬಡಾವಣೆಗಳ ಸಿ.ಎ. ಜಾಗಗಳು ಒಂದೇ ಕಡೆ ಕೂಡುವಂತೆ ಅನುಮೋದನೆಯ ಹಂತದಲ್ಲೇ ಷರತ್ತು ವಿಧಿಸಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ ಅಭಿಪ್ರಾಯವಿಲ್ಲದೆ ಯಾವ ವಿನ್ಯಾಸ ನಕ್ಷೆಗೂ ಅಂತಿಮ ಮುದ್ರೆ ಬೀಳಬಾರದು.

ಇವು ಯಾವುದಕ್ಕೂ ಹೊಸ ಸಮಿತಿ ಬೇಡ. ನಕ್ಷೆಗೆ ಸಹಿ ಹಾಕುವವರೂ ಶಾಲೆ ನಡೆಸುವವರೂ ಒಂದೇ ಮೇಜಿನ ಸುತ್ತ ಕುಳಿತರೆ ಸಾಕು. ರಸ್ತೆ, ಚರಂಡಿ, ವಿದ್ಯುತ್ ಕಂಬ ಇಲ್ಲದ ಬಡಾವಣೆಯನ್ನು ಅಪೂರ್ಣವೆಂದು ತಿರಸ್ಕರಿಸುವ ನಾವು, ಶಾಲೆಯಿಲ್ಲದ ಬಡಾವಣೆಯನ್ನು ಪೂರ್ಣವೆಂದು ಒಪ್ಪಿಕೊಳ್ಳುವುದು ಇನ್ನಾದರೂ ನಿಲ್ಲಲಿ.