ಎಂಟರ್‌ಪ್ರೈಸ್ 2.0

ಎಂಟರ್‌ಪ್ರೈಸ್ 2.0 ಎಂದರೆ ವಿಕಿ, ಬ್ಲಾಗ್, ಟ್ಯಾಗ್, ಸಾಮಾಜಿಕ ಜಾಲತಾಣ ಮೊದಲಾದ ಸಹಯೋಗಿ ತಂತ್ರಜ್ಞಾನಗಳನ್ನು ವ್ಯಾಪಾರ ಸಂಸ್ಥೆಗಳು ತಮ್ಮ ಆಂತರಿಕ ಕಾರ್ಯಗಳಿಗೆ ಹಾಗೂ ಪಾಲುದಾರರು ಮತ್ತು ಗ್ರಾಹಕರೊಂದಿಗಿನ ವ್ಯವಹಾರಗಳಿಗೆ ಬಳಸಿಕೊಳ್ಳುವ ಪದ್ಧತಿ. ಈ ಪದವನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಅಧ್ಯಾಪಕರಾಗಿದ್ದ ಆಂಡ್ರ್ಯೂ ಮ್ಯಾಕಫಿ ಅವರು 2006ರಲ್ಲಿ ಎಂಐಟಿ ಸ್ಲೋನ್ ಮ್ಯಾನೇಜ್‌ಮೆಂಟ್ ರಿವ್ಯೂ ಪತ್ರಿಕೆಯ ಲೇಖನವೊಂದರಲ್ಲಿ ಬಳಸಿ ಪ್ರಚಾರಕ್ಕೆ ತಂದರು.

ಹಿನ್ನೆಲೆ

1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು ತಂತ್ರಾಂಶ ರಚನಾಕಾರರ ಅನುಭವ ವಿನಿಮಯಕ್ಕಾಗಿ ಮೊದಲ ವಿಕಿಯನ್ನು ಆರಂಭಿಸಿದರು. 2004ರ ನಂತರ, ಓದುಗರೇ ಬರೆದು ತಿದ್ದಬಲ್ಲ ಇಂತಹ ತಾಣಗಳನ್ನು ಒಟ್ಟಾಗಿ ವೆಬ್ 2.0 ಎಂದು ಕರೆಯುವುದು ರೂಢಿಗೆ ಬಂದಿತು. ಇದೇ ತತ್ತ್ವವನ್ನು ಸಂಸ್ಥೆಗಳಿಗೆ ಅನ್ವಯಿಸಿದ್ದರಿಂದ ಎಂಟರ್‌ಪ್ರೈಸ್ 2.0 ಎಂಬ ಹೆಸರು ಬಂದಿದೆ.

ಅದುವರೆಗೆ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಸಾಧನಗಳನ್ನು ಮ್ಯಾಕಫಿ ಎರಡು ವಿಧವಾಗಿ ವಿಂಗಡಿಸಿದರು. ಇಮೇಲ್‌ನಂತಹ ವಾಹಿನಿಗಳಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಬರೆದದ್ದು ಕೆಲವರಿಗೆ ಮಾತ್ರ ಕಾಣುತ್ತದೆ. ಸಂಸ್ಥೆಯ ಆಂತರಿಕ ಜಾಲತಾಣದಂತಹ ವೇದಿಕೆಗಳು ಎಲ್ಲರಿಗೂ ಕಾಣುತ್ತವೆ, ಆದರೆ ಅವುಗಳಲ್ಲಿ ಬರೆಯುವವರು ಕೆಲವರೇ. ಹೀಗಾಗಿ ನೌಕರನ ಅನುಭವಜ್ಞಾನವು ಅವನ ಅಂಚೆಪೆಟ್ಟಿಗೆಯಲ್ಲೇ ಉಳಿದು, ಅವನು ಕೆಲಸ ಬಿಟ್ಟಾಗ ಸಂಸ್ಥೆಯ ಕೈತಪ್ಪುವ ಸಂಭವವಿತ್ತು. ಹೊಸ ಸಾಧನಗಳಲ್ಲಿ ಹಲವರು ಬರೆದದ್ದನ್ನು ಹಲವರು ಓದಿ, ತಿದ್ದಿ, ವಿಸ್ತರಿಸಬಹುದು.

ಲಕ್ಷಣಗಳು

ಇಂತಹ ವ್ಯವಸ್ಥೆಯ ಆರು ಅಂಗಗಳನ್ನು ಅವುಗಳ ಇಂಗ್ಲಿಷ್ ಮೊದಲಕ್ಷರಗಳ ಆಧಾರದಲ್ಲಿ ‘ಸ್ಲೇಟ್ಸ್’ ಎಂದು ಕರೆಯಲಾಗಿದೆ:

• ಹುಡುಕಾಟ – ಬೇಕಾದ ಮಾಹಿತಿಯನ್ನು ಪದಗಳ ಮೂಲಕ ಪತ್ತೆಹಚ್ಚುವುದು.
• ಕೊಂಡಿಗಳು – ಒಂದು ಪುಟವನ್ನು ಮತ್ತೊಂದಕ್ಕೆ ಜೋಡಿಸುವುದು. ಹೆಚ್ಚು ಕೊಂಡಿಗಳಿರುವ ಪುಟದ ಮಹತ್ವ ತಾನಾಗಿ ತಿಳಿಯುತ್ತದೆ.
• ಬರವಣಿಗೆ – ಎಲ್ಲ ಹಂತದ ನೌಕರರಿಗೂ ಬರೆಯುವ ಅವಕಾಶ.
• ಟ್ಯಾಗ್‌ಗಳು – ಬಳಕೆದಾರರೇ ನೀಡುವ ವಿಷಯಸೂಚಕ ಪದಗಳು.
• ವಿಸ್ತರಣೆಗಳು – ಹಿಂದಿನ ಬಳಕೆಯ ಆಧಾರದ ಮೇಲೆ ಸಂಬಂಧಿತ ವಿಷಯಗಳನ್ನು ಸೂಚಿಸುವುದು.
• ಸಂಕೇತಗಳು – ಹೊಸ ವಿಷಯ ಸೇರಿದಾಗ ಆಸಕ್ತರಿಗೆ ತಿಳಿಸುವುದು.

ವರ್ಗೀಕರಣವನ್ನು ಮೇಲಧಿಕಾರಿಗಳು ಮೊದಲೇ ನಿಗದಿಪಡಿಸದೆ, ಬಳಕೆಯಿಂದಲೇ ಅದು ಕ್ರಮೇಣ ರೂಪುಗೊಳ್ಳಲು ಬಿಡುವುದು ಇದರ ಮುಖ್ಯ ಲಕ್ಷಣ.

ಬಳಕೆ

ಡ್ರೆಸ್ಡ್‌ನರ್ ಕ್ಲೈನ್‌ವರ್ಟ್ ವಾಸರ್‌ಸ್ಟೈನ್ ಎಂಬ ಹೂಡಿಕೆ ಬ್ಯಾಂಕು ವಿಕಿ ಹಾಗೂ ಬ್ಲಾಗ್‌ಗಳನ್ನು ಮೊದಲು ಅಳವಡಿಸಿಕೊಂಡ ಸಂಸ್ಥೆಗಳಲ್ಲೊಂದು. ಮ್ಯಾಕಫಿ ತಮ್ಮ ಲೇಖನದಲ್ಲಿ ಇದನ್ನೇ ಉದಾಹರಿಸಿದ್ದಾರೆ. ಐಬಿಎಂ 2006ರಲ್ಲಿ ನಡೆಸಿದ ‘ಇನ್ನೊವೇಶನ್ ಜ್ಯಾಮ್’ ಎಂಬ ಅಂತರಜಾಲ ಚರ್ಚೆಯಲ್ಲಿ ನೌಕರರು, ಅವರ ಕುಟುಂಬದವರು ಮತ್ತು ಗ್ರಾಹಕರು ಸೇರಿ ಸುಮಾರು 1,50,000 ಜನ ಪಾಲ್ಗೊಂಡರು. ಕಾನ್‌ಫ್ಲುಯೆನ್ಸ್ (2004), ಯಾಮರ್ (2008), ಸ್ಲ್ಯಾಕ್ (2013) ಈ ಉದ್ದೇಶಕ್ಕಾಗಿ ರೂಪುಗೊಂಡ ತಂತ್ರಾಂಶಗಳು. ಯಾಮರ್ ಅನ್ನು 2012ರಲ್ಲಿ ಮೈಕ್ರೋಸಾಫ್ಟ್ ಖರೀದಿಸಿತು.

ಸವಾಲುಗಳು

ತಂತ್ರಾಂಶವನ್ನು ಸ್ಥಾಪಿಸುವುದಕ್ಕಿಂತ ನೌಕರರು ಅದನ್ನು ಬಳಸುವಂತೆ ಮಾಡುವುದು ಕಠಿಣ. ರೂಢಿಯಲ್ಲಿರುವ ಸಾಧನದ ಬೆಲೆಯನ್ನು ಬಳಕೆದಾರರು ಸುಮಾರು ಮೂರು ಪಟ್ಟು ಹೆಚ್ಚಾಗಿ ಎಣಿಸುತ್ತಾರೆ, ಹೊಸ ಸಾಧನವನ್ನು ರೂಪಿಸಿದವರೂ ಅದರ ಬೆಲೆಯನ್ನು ಅಷ್ಟೇ ಹೆಚ್ಚಿಸಿ ನೋಡುತ್ತಾರೆ ಎಂದು ಹಾರ್ವರ್ಡ್‌ನ ಜಾನ್ ಗೂರ್ವಿಲ್ ವಾದಿಸಿದ್ದಾರೆ. ಇಮೇಲ್ ಬದಿಗೆ ಸರಿಯದಿರುವುದಕ್ಕೆ ಮ್ಯಾಕಫಿ ಈ ಒಂಬತ್ತು ಪಟ್ಟಿನ ಅಂತರವನ್ನೇ ಕಾರಣವಾಗಿ ನೀಡಿದರು.

ಪುರಸ್ಕಾರದ ಮೂಲಕ ಬರವಣಿಗೆಯನ್ನು ಉತ್ತೇಜಿಸುವುದರಲ್ಲೂ ತೊಡಕುಗಳಿವೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಇನ್ಫೋಸಿಸ್, ಎಂಟರ್‌ಪ್ರೈಸ್ 2.0 ಪದ ಬರುವ ಮುನ್ನವೇ ‘ಕೆ-ಶಾಪ್’ ಎಂಬ ಆಂತರಿಕ ಜ್ಞಾನತಾಣವನ್ನು ನಡೆಸುತ್ತಿತ್ತು. ಲೇಖನ ನೀಡಿದವರಿಗೂ ಪರಿಶೀಲಿಸಿದವರಿಗೂ ‘ಜ್ಞಾನ ನಾಣ್ಯ’ದ ಅಂಕಗಳನ್ನು ಕೊಡಲಾಗುತ್ತಿತ್ತು. ಲೇಖನಗಳ ಸಂಖ್ಯೆ ವೇಗವಾಗಿ ಏರಿತು. ಆದರೆ ಪರಿಶೀಲಕರ ಹೊರೆ ಹೆಚ್ಚಿ, ಗುಣಮಟ್ಟದ ಬಗ್ಗೆ ಪ್ರಶ್ನೆಗಳು ಎದ್ದಾಗ ಯೋಜನೆಯನ್ನು ಪರಿಷ್ಕರಿಸಿ, ಹಣಕ್ಕಿಂತ ಮನ್ನಣೆಗೆ ಹಾಗೂ ಓದುಗರಿಗಾದ ಪ್ರಯೋಜನಕ್ಕೆ ಹೆಚ್ಚಿನ ಒತ್ತು ನೀಡಲಾಯಿತು.

ಗೋಪ್ಯ ಮಾಹಿತಿಯ ಸೋರಿಕೆ, ಹಳೆಯದಾದ ಪುಟಗಳು ತಿದ್ದದೆ ಉಳಿಯುವುದು, ಮೇಲಧಿಕಾರಿಗಳ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆಯಲು ನೌಕರರು ಹಿಂಜರಿಯುವುದು ಇತರ ಸವಾಲುಗಳು.