ಕಾಂಪೌಂಡ್ ಒಳಗಿನ ಪದ್ಮಿನಿಯರು

ಮೈಸೂರಿನಲ್ಲಿ ಹಳೇ ಕಾರು ಹುಡುಕಬೇಕು ಅಂದ್ರೆ ರಸ್ತೆ ನೋಡಿ ಪ್ರಯೋಜನವಿಲ್ಲ, ಗೇಟಿನ ಸಂದಿ ನೋಡಬೇಕು. ಸರಸ್ವತಿಪುರಂ, ಕೃಷ್ಣಮೂರ್ತಿಪುರಂ, ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು ಕಡೆಯ ಹಳೆಯ ಬೀದಿಗಳಲ್ಲಿ ಈಗಲೂ ಕೆಲವು ಮನೆಗಳಿವೆ. ಮುಂದೆ ಎರಡು ತೆಂಗಿನ ಮರ, ಒಂದು ಸಂಪಿಗೆ, ಪಕ್ಕದಲ್ಲಿ ಶೀಟ್ ಹಾಕಿದ ಶೆಡ್ಡು. ಆ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಏನೋ ಮಲಗಿದೆ ಅಂತ ಕಂಡರೆ ಸಾಕು, ನನ್ನ ಸ್ಕೂಟರ್ ತಾನಾಗೇ ನಿಂತುಬಿಡುತ್ತೆ. ಟಾರ್ಪಾಲಿನ ಉಬ್ಬು ನೋಡಿಯೇ ಒಳಗಿರೋದು ಅಂಬಾಸಿಡರ್ರೋ ಫಿಯಟ್ಟೋ ಅಂತ ಹೇಳಬಲ್ಲೆ. ಇದೇನು ಹೇಳಿಕೊಳ್ಳುವಂಥ ವಿದ್ಯೆಯಲ್ಲ ಬಿಡಿ. ಹೆಣ್ಣು ನೋಡೋಕೆ ಹೋದಾಗ ಹವ್ಯಾಸ ಏನು ಅಂತ ಕೇಳಿದರೆ ‘ಫೋಟೊಗ್ರಫಿ’ ಅಂದು ಸುಮ್ಮನಾಗ್ತೀನಿ.

ವಾರವೆಲ್ಲ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ. ಶುಕ್ರವಾರ ರಾತ್ರಿ ರೈಲು ಹತ್ತಿ ಊರಿಗೆ. ಭಾನುವಾರ ಬೆಳಗ್ಗೆ ಆರೂವರೆಗೆ, ಅಮ್ಮ ಕಾಫಿಗೆ ಹಾಲಿಡೋ ಹೊತ್ತಿಗೆ ನಾನು ಹೊರಗೆ. ಆರು ವರ್ಷದಿಂದ ಇದೇ ಕ್ರಮ. ಎಂಜಿನಿಯರ್ ಬುದ್ಧಿ ನೋಡಿ, ಫೋಟೊ ತೆಗೆದು ಸುಮ್ಮನಿರೋಕಾಗದೆ ಒಂದು ಶೀಟ್ ಕೂಡ ಮಾಡಿಟ್ಟುಕೊಂಡಿದ್ದೀನಿ. ಮಾಡೆಲ್, ಬಣ್ಣ, ಬಡಾವಣೆ, ಮೊದಲು ಕಂಡ ದಿನ, ಕೊನೆಗೆ ಕಂಡ ದಿನ. ಒಟ್ಟು 143 ಗಾಡಿಗಳಿವೆ. ಅದರಲ್ಲಿ 51 ಈಗ ಆ ಜಾಗದಲ್ಲಿಲ್ಲ. ಶುರು ಮಾಡಿದಾಗ ಆ ಕೊನೆಯ ಕಾಲಮ್ಮನ್ನು ಸುಮ್ಮನೆ ಅಭ್ಯಾಸಬಲದಿಂದ ಹಾಕಿದ್ದೆ. ಈಗ ಇಡೀ ಶೀಟಿನಲ್ಲಿ ಮುಖ್ಯವಾದದ್ದು ಅದೊಂದೇ ಅನ್ನಿಸ್ತಿದೆ.

ನೀವು ‘ವಿಂಟೇಜ್ ಕಾರಾ?’ ಅಂತ ಕೇಳಬಹುದು. ಅಲ್ಲ. ರಾಜರ ಕಾಲದ ಗಾಡಿಗಳಿಗೆ ದಿಕ್ಕಿದೆ. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಧರ್ಮಸ್ಥಳದ ಹೆಗ್ಗಡೆಯವರು ಮಾಡಿಸಿದ ‘ಪಯಣ’ ಮ್ಯೂಸಿಯಂ ಇದೆ, ಹೋಗಿ ನೋಡಿ, ಒಂದೊಂದೂ ಕನ್ನಡಿ ಹಾಗೆ ಹೊಳೀತಿರುತ್ತೆ. ನಾನು ಹುಡುಕೋದು ಮೇಷ್ಟ್ರು, ಡಾಕ್ಟರು, ಬ್ಯಾಂಕ್ ಮ್ಯಾನೇಜರು ಸಾಲ ಮಾಡಿ ಕೊಂಡ ಕಾರುಗಳನ್ನ. ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾ, ಮೊದಮೊದಲಿನ ಮಾರುತಿ 800. ನಮ್ಮಲ್ಲಿ ಅನೇಕರು ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಇಂಥದ್ದೇ ಒಂದರಲ್ಲಿ.

ಇವುಗಳ ಕಷ್ಟ ಏನಂದ್ರೆ, ಕಾನೂನಿನ ಲೆಕ್ಕದಲ್ಲಿ ಇವು ಅತ್ತಲೂ ಇಲ್ಲ ಇತ್ತಲೂ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಣಿ ಮಾಡಿಸಿದರೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅನ್ನೋ ಅಕ್ಷರ, ಹತ್ತು ವರ್ಷದ ಮಾನ್ಯತೆ. ದಿನಬಳಕೆಗೆ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ ಇಂಥದ್ದಕ್ಕೆ ಮಾತ್ರ. ಸರಿ, ಆದರೆ 1984ರ ಪದ್ಮಿನಿ ಈ ಮರ್ಯಾದೆ ಪಡೀಬೇಕಾದರೆ 2034ರವರೆಗೆ ಜೀವ ಹಿಡಿದುಕೊಂಡಿರಬೇಕು. ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ. ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ಒಂದು ಕಾಲಕ್ಕೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರಲ್ಲಿ, 20 ವರ್ಷ ದಾಟಿದ ಕಾರಿಗೆ 10,000. ಅದರ ಮೇಲೆ ಹಸಿರು ತೆರಿಗೆ. ವರ್ಷಕ್ಕೆ ನಾಲ್ಕು ಸಲ, ಆಯುಧಪೂಜೆಗೊಂದು ಸಲ ಹೊರಗೆ ತೆಗೆಯೋ ಗಾಡಿಗೆ ಇಷ್ಟು ಯಾರು ಕೊಡ್ತಾರೆ? ಹೊಗೆ ಉಗುಳೋ ಲಾರಿ ಬಸ್ಸುಗಳನ್ನು ರಸ್ತೆಯಿಂದ ತೆಗೀಲಿ, ನಾನೂ ಒಪ್ತೀನಿ. ಆದರೆ ಶೆಡ್ಡಿನಲ್ಲಿ ಮಲಗಿರೋ ಪದ್ಮಿನಿಯನ್ನೂ ಅದೇ ತಕ್ಕಡಿಯಲ್ಲಿ ತೂಗೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಗುರುತು ಹಿಡಿಯೋ ವಿಷಯ. ಇದರಲ್ಲೇ ನಿಜವಾದ ಮಜಾ ಇರೋದು. ಅಂಬಾಸಿಡರ್ ಎಲ್ಲಾ ಒಂದೇ ಅಂತ ಜನ ಅಂದುಕೊಂಡಿದ್ದಾರೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚು ಅದು. 1950ರ ದಶಕದ ಕೊನೆಯಲ್ಲಿ ಶುರುವಾಗಿ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಾ ಇತ್ತು. ಮೈಕಟ್ಟು ಅದೇ ಆದರೂ ಮೂತಿ ಬದಲಾಗುತ್ತಾ ಹೋಗಿದೆ. ಗ್ರಿಲ್ ತುಂಬ ಸಣ್ಣ ಸಣ್ಣ ಚೌಕಳಿ ಇದ್ದರೆ ಅದು ಮಾರ್ಕ್ 2, ಅರವತ್ತರ ದಶಕದ ಗಾಡಿ. ಸರ್ಕಾರಿ ಕಚೇರಿ ಮುಂದೆ ನಿಂತಿರುತ್ತಿದ್ದ ಬಿಳಿ ಗಾಡಿಗಳೆಲ್ಲ ಬಹುಪಾಲು ಅದಕ್ಕಿಂತ ತೀರಾ ಈಚಿನವು.

ಪದ್ಮಿನಿಯನ್ನ ನಮ್ಮೂರಲ್ಲಿ ಯಾರೂ ಪದ್ಮಿನಿ ಅಂದಿದ್ದೇ ಇಲ್ಲ, ಎಲ್ಲರ ಬಾಯಲ್ಲೂ ಫಿಯಟ್ಟೇ. ತಪ್ಪೂ ಅಲ್ಲ. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂದ ಗಾಡಿಯೇ ಎಪ್ಪತ್ತರ ದಶಕದಲ್ಲಿ ಹೆಸರು ಬದಲಿಸಿ ಪ್ರೀಮಿಯರ್ ಪದ್ಮಿನಿ ಆಯಿತು. 1,089 ಸಿಸಿ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರು, ಮುಂದೆ ಬೆಂಚಿನ ಹಾಗೆ ಉದ್ದ ಸೀಟು. ಅದಕ್ಕೂ ಹಿಂದಿನ, ಐವತ್ತರ ದಶಕದ ದುಂಡು ಮೈಯ ಫಿಯಟ್ 1100 ಸಿಕ್ಕರೆ ಮುಂದಿನ ಬಾಗಿಲು ನೋಡಿ. ಹಿಡಿ ಮುಂದಿರುತ್ತೆ, ಕೀಲು ಹಿಂದಿರುತ್ತೆ. ಅಂಥದ್ದು ನನ್ನ ಶೀಟಿನಲ್ಲಿ ಎರಡೇ ಎರಡು.

ನನಗೆ ಅತಿ ಇಷ್ಟದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಸುಮಾರು ಹತ್ತು ವರ್ಷ ಮದ್ರಾಸಿನಲ್ಲಿ ತಯಾರಾದ ಗಾಡಿ. ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೋಟಿ. ಬಾನೆಟ್ ಎತ್ತಿದರೆ ಮಡ್ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತೆ, ಎಂಜಿನ್ನು ಮುಂದಿನ ಚಕ್ರ ಎಲ್ಲಾ ಬಟಾಬಯಲು. ಮೊಸಳೆ ಬಾಯಿ ಬಿಟ್ಟ ಹಾಗೆ ಅನ್ನೋಣ ಅಂದ್ರೆ ಮೊಸಳೆ ಬಾಯಿ ತೆರೆಯೋದು ಇನ್ನೊಂದು ಕಡೆಗೆ.

ನಂಬರ್ ಪ್ಲೇಟನ್ನೂ ಓದಲು ಕಲಿತರೆ ಇನ್ನೂ ಚೆನ್ನ. ‘ಎಂವೈ’ ಇಂದ ಶುರುವಾದರೆ ಅದು ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರಿದ್ದ ಕಾಲ ನೆನಪಿಸೋ ಗುರುತು. ಹೆಸರು ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ. ಆಮೇಲೆ ‘ಸಿ’ ಅಕ್ಷರದ ಸೀರೀಸುಗಳು. 1988ರ ಮೋಟಾರು ವಾಹನ ಕಾಯ್ದೆಯ ನಂತರವೇ ನಮಗೆ ಗೊತ್ತಿರೋ ‘ಕೆಎ’, ಮೈಸೂರಿಗೆ 09.

ಸರಸ್ವತಿಪುರಂನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ತಿಳಿ ನೀಲಿ ಪದ್ಮಿನಿ ಒಂದಿತ್ತು. ಮೊದಲ ಸಲ ಗೇಟಿನ ಹೊರಗೆ ನಿಂತು ‘ಸಾರ್, ಒಂದು ಫೋಟೊ ತಗೋಬಹುದಾ?’ ಅಂದಾಗ ಅವರು ಪೇಪರ್ ಕೆಳಗಿಟ್ಟು, ‘ಯಾಕಪ್ಪಾ, ಕೊಂಡ್ಕೋತೀಯಾ?’ ಅಂದರು. ಇಲ್ಲ ಸಾರ್, ಸುಮ್ಮನೆ ಅಂದೆ. ‘ಸುಮ್ಮನೆ ಆದ್ರೆ ಒಳಗೆ ಬಾ’ ಅಂದರು. ಅವತ್ತು ಕಾಫಿ ಆಯ್ತು, ಡಿಕ್ಕಿಯಲ್ಲಿದ್ದ ಜ್ಯಾಕು, ಹ್ಯಾಂಡಲ್ಲು, ಹಳೇ ಪೆಟ್ರೋಲ್ ಬಿಲ್ಲುಗಳ ಕಟ್ಟು ಎಲ್ಲಾ ನೋಡಿದ್ದಾಯ್ತು. ಆಮೇಲೆ ಮೂರು ವರ್ಷ ನಾನು ಆಗಾಗ ಹೋಗ್ತಿದ್ದೆ. ಕಳೆದ ದಸರಾ ಹೊತ್ತಿಗೆ ಮನೆ ಕೊಟ್ಟು ಮಗನ ಜೊತೆ ಹೈದರಾಬಾದಿಗೆ ಹೊರಟರು. ಮನೆ ಕೊಂಡವರು ಅಪಾರ್ಟ್‌ಮೆಂಟ್ ಕಟ್ಟಿಸೋರು, ಗಾಡಿ ಯಾರಿಗೂ ಬೇಡ. ಕೊಳ್ಳೋರನ್ನು ಹುಡುಕಿ ನಾನೂ ಎರಡು ವಾರ ಫೋನ್ ಮಾಡಿದೆ. ಎಲ್ಲರೂ ಕೇಳೋದು ಒಂದೇ, ಆರ್‌ಸಿ ಚಾಲ್ತಿಯಲ್ಲಿದೆಯಾ? ಇರಲಿಲ್ಲ. ಕೊನೆಗೆ ಗುಜರಿಯವನು ಬಂದು ಕಬ್ಬಿಣದ ತೂಕಕ್ಕೆ ಒಯ್ದ. ಮೇಷ್ಟ್ರು ಹೊರಡೋ ಮುಂಚೆ ನನ್ನ ಹತ್ತಿರ ಕೇಳಿದ್ದು ಒಂದೇ ಫೋಟೊ. ಹೊರಗಿನಿಂದ ತೆಗೆದದ್ದಲ್ಲ, ಎಡಗಡೆಯ ಮುಂದಿನ ಸೀಟು ಮತ್ತು ಅದರ ಎದುರಿನ ಡ್ಯಾಶ್‌ಬೋರ್ಡು ಕಾಣೋದು. ಅಲ್ಲಿ ಅವರ ಹೆಂಡತಿ ಪ್ರತಿ ಶುಕ್ರವಾರ ಇಡ್ತಿದ್ದ ಕುಂಕುಮದ ಕಲೆ ಹಾಗೇ ಇತ್ತು.

ಆಮೇಲಿಂದ ನಾನು ಒಳಗಿನ ಫೋಟೊ ಬಿಡೋದಿಲ್ಲ. ಸ್ಟೇರಿಂಗಿನ ಸವೆತ, ಡೀಲರ್ ಸ್ಟಿಕ್ಕರು, ಮಕ್ಕಳು ಗೀಚಿದ ರೆಕ್ಸಿನ್ನು. ಹೊರಗಿನ ರೂಪ ಇಂಟರ್ನೆಟ್ಟಿನಲ್ಲಿ ಎಲ್ಲಾದರೂ ಸಿಗುತ್ತೆ, ಇವು ಸಿಗಲ್ಲ.

ದೊಡ್ಡ ಕ್ಯಾಮೆರಾ ಬೇಕಿಲ್ಲ, ನಿಮ್ಮ ಫೋನೇ ಸಾಕು. ನಾನು ಕಂಡುಕೊಂಡದ್ದು ಇಷ್ಟು: ನಿಂತು ತೆಗೀಬೇಡಿ, ಹೆಡ್‌ಲೈಟಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ. ತೀರಾ ಹತ್ತಿರ ಹೋದರೆ ಮೂತಿ ಊದಿಕೊಂಡು ಕಾಣುತ್ತೆ, ನಾಲ್ಕು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಹಾಕಿ. ಬೆಳಗ್ಗೆ ಎಂಟರೊಳಗೆ ಮುಗಿಸಿ, ಆಮೇಲಿನ ಬಿಸಿಲಿಗೆ ಕ್ರೋಮ್ ಎಲ್ಲಾ ಬಿಳುಚಿ ಹೋಗುತ್ತೆ. ಗೇಟು ದಾಟೋ ಮುಂಚೆ ಕೇಳೋದು ಕಡ್ಡಾಯ. ಹಾಗೇ, ಎಲ್ಲಾದರೂ ಹಾಕೋದಾದರೆ ನಂಬರ್ ಮರೆ ಮಾಡಿ, ಬೀದಿ ಹೆಸರು ಹೇಳಬೇಡಿ. ಹಳೇ ಗಾಡಿಯ ಬ್ಯಾಡ್ಜು, ವೀಲ್ ಕಪ್ಪು, ಕಾರ್ಬೊರೇಟರ್‌ಗೆ ಈಗ ಒಳ್ಳೇ ಬೆಲೆ, ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗೋರೂ ಇದ್ದಾರೆ.

ನನಗೆ ಅರ್ಧ ಸುದ್ದಿ ಸಿಗೋದು ಮಂಡಿ ಮೊಹಲ್ಲಾದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಾಬರಿಂದ. ಪ್ಲಾಟಿನಂ ಪಾಯಿಂಟನ್ನ ಬೆಂಕಿಕಡ್ಡಿ ಪೆಟ್ಟಿಗೆಯ ಅಂಚಿನಲ್ಲಿ ಉಜ್ಜಿ ಗಾಡಿ ಸ್ಟಾರ್ಟ್ ಮಾಡೋದನ್ನ ನಾನು ಅವರ ಹತ್ತಿರವೇ ನೋಡಿದ್ದು. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಈ ಕೆಲಸ ಕಲಿತಿಲ್ಲ. ಗಾಡಿ ಉಳಿಸಿಕೊಂಡರೂ ಇನ್ನು ಹತ್ತು ವರ್ಷಕ್ಕೆ ರಿಪೇರಿ ಮಾಡೋರು ಯಾರು ಅನ್ನೋದು ಬೇರೆಯೇ ಪ್ರಶ್ನೆ.

ಹೋದ ವಾರ ಸಾಬರು ಒಂದು ಸುಳಿವು ಕೊಟ್ಟರು. ನಂಜನಗೂಡಿನ ದಾರಿಯಲ್ಲಿ ಮುಚ್ಚಿಹೋದ ಒಂದು ರೈಸ್ ಮಿಲ್ಲಿನ ಹಿಂದೆ ಕೆಂಪು ಡಾಲ್ಫಿನ್ ನಿಂತಿದೆಯಂತೆ. ಡಾಲ್ಫಿನ್ ಅಂದ್ರೆ ನಮ್ಮ ಬೆಂಗಳೂರಿನದ್ದೇ ಸಿಪಾನಿ ಕಂಪನಿ ಎಂಬತ್ತರ ದಶಕದ ಶುರುವಿನಲ್ಲಿ ಮಾಡಿದ ಪುಟ್ಟ ಎರಡು ಬಾಗಿಲಿನ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ, ಮೈಯೆಲ್ಲ ಫೈಬರ್‌ಗ್ಲಾಸು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ಕಥೆ ಮುಗೀತು. ಕರ್ನಾಟಕದಲ್ಲೇ ಒಂದು ಕಾರು ತಯಾರಾಗ್ತಿತ್ತು ಅಂದ್ರೆ ನನ್ನ ಆಫೀಸಿನಲ್ಲಿ ಯಾರೂ ನಂಬೋದಿಲ್ಲ, ತೋರಿಸೋಕೆ ನನ್ನ ಹತ್ತಿರ ಒಂದು ಫೋಟೊನೂ ಇಲ್ಲ. ‘ಫೈಬರ್ ಬಾಡಿ ಅಲ್ವಾ, ತುಕ್ಕು ಹಿಡಿಯಲ್ಲ, ಇದ್ದೇ ಇರುತ್ತೆ’ ಅಂದರು ಸಾಬರು. ತುಕ್ಕು ಹಿಡಿಯಲ್ಲ ನಿಜ, ಆದರೆ ಮಿಲ್ಲಿನ ಜಾಗಕ್ಕೆ ಲೇಔಟ್ ಬೋರ್ಡ್ ಬಿದ್ದಿದೆಯಂತೆ. ಈ ಭಾನುವಾರ ಐದೂವರೆಗೇ ಹೊರಡ್ತಿದ್ದೀನಿ.