ನುಂಗಿದ ತುತ್ತು ಎದೆಯಲ್ಲೇ ನಿಂತರೆ

1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಒಬ್ಬ ರೋಗಿಯ ಕತೆ ಬರೆದಿಟ್ಟರು. ಅವನಿಗೆ ಹಸಿವಿತ್ತು, ಉಣ್ಣುತ್ತಲೂ ಇದ್ದ. ಆದರೆ ಉಂಡದ್ದು ಹೊಟ್ಟೆಗೆ ಇಳಿಯದೆ, ಅನ್ನನಾಳ ತುಂಬಿದ ಮೇಲೆ ಬಾಯಿಗೇ ಬರುತ್ತಿತ್ತು. ವಿಲ್ಲಿಸ್ ತಿಮಿಂಗಿಲದ ಬಾಯಿಯ ಬಲೀನ್ ಪಟ್ಟಿಯ ಕಡ್ಡಿಯೊಂದರ ತುದಿಗೆ ಸ್ಪಂಜು ಕಟ್ಟಿಕೊಟ್ಟರು. ರೋಗಿ ಅದನ್ನು ಗಂಟಲಿನಿಂದ ಒಳಗಿಳಿಸಿ ಅನ್ನವನ್ನು ತಾನೇ ಕೆಳಕ್ಕೆ ತಳ್ಳಿಕೊಳ್ಳುತ್ತ ಸುಮಾರು 15 ವರ್ಷ ಬಾಳಿದ.

ತಡೆ ಎಲ್ಲಿದೆ ಎಂಬುದು ವಿಲ್ಲಿಸ್ ಅವರಿಗೆ ಹೊಳೆದಿತ್ತು. ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಎರಡೂವರೆ ಶತಮಾನ ಹಿಡಿಯಿತು. ನಮ್ಮ ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ತುತ್ತು ನುಂಗಿದೊಡನೆ ಅದು ಮೇಲಿನಿಂದ ಕೆಳಕ್ಕೆ ಅಲೆಯಂತೆ ಹಿಂಡುತ್ತದೆ. ಅದೇ ಹೊತ್ತಿಗೆ ಕೆಳತುದಿಯ ಬಿಗಿಯಾದ ಉಂಗುರ ಸಡಿಲಗೊಳ್ಳಬೇಕು. ಆ ಉಂಗುರ ಸೆಟೆದುಕೊಳ್ಳುವುದೇ ರೋಗ ಎಂದು 1881ರಲ್ಲಿ ಶಸ್ತ್ರವೈದ್ಯ ಮಿಕುಲಿಚ್ ಭಾವಿಸಿದರು. 1920ರ ದಶಕದಲ್ಲಿ ಲಂಡನ್ನಿನ ಆರ್ಥರ್ ಹರ್ಸ್ಟ್ ಆ ನಂಬಿಕೆಯನ್ನು ತಿರುವಿಹಾಕಿದರು: ಉಂಗುರ ಸೆಟೆಯುತ್ತಿದೆ ಎಂದಲ್ಲ, ಅದು ಸಡಿಲವಾಗುತ್ತಿಲ್ಲ. ಅದನ್ನು ಸಡಿಲಿಸುವ ನರಕೋಶಗಳು ನಶಿಸಿರುತ್ತವೆ. ಇದೇ ಅಕಲೇಸಿಯಾ.

ಕಾರಣ ತಿಳಿಯುವ ಮೊದಲೇ ಚಿಕಿತ್ಸೆ ಬಂದಿತ್ತು. 1913ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ಹೆಲ್ಲರ್ ಆ ಬಿಗಿ ಸ್ನಾಯುವನ್ನು ಹೊರಗಿನಿಂದ ಸೀಳಿದರು, ಒಳಪೊರೆಗೆ ಗಾಯವಾಗದಂತೆ. ಮುಂದೆ 2007ರಲ್ಲಿ ಭಾರತೀಯ ಮೂಲದ ಪಂಕಜ್ ಪಸ್ರಿಚಾ ಮತ್ತು ಸಂಗಡಿಗರು ಎಂಡೋಸ್ಕೋಪ್‌ನಿಂದ, ಒಳಗಿನಿಂದಲೇ ಇದು ಸಾಧ್ಯವೆಂದು ಹಂದಿಗಳಲ್ಲಿ ತೋರಿಸಿದರು. ಮರುವರ್ಷವೇ ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೌ ಅದನ್ನು ಮನುಷ್ಯರಲ್ಲಿ ಮಾಡಿದರು. ಒಳಪೊರೆಯಲ್ಲಿ ಚಿಕ್ಕ ಸೀಳು, ಅದರಡಿ ಸುರಂಗ, ಅಲ್ಲಿಂದ ಸ್ನಾಯು ಕತ್ತರಿಸಿ, ಕೊನೆಗೆ ಸೀಳಿಗೆ ಕ್ಲಿಪ್. ಮೈಮೇಲೆ ಗಾಯವೇ ಇಲ್ಲ. ‘ಪೋಯೆಮ್’ ಎಂಬ ಈ ಚಿಕಿತ್ಸೆ ಇಂದು ಮುಂಬಯಿಯಲ್ಲೂ ಸಿಗುತ್ತದೆ.

ರೋಗ ಪತ್ತೆಗೆ ಮ್ಯಾನೊಮೆಟ್ರಿ ಇದೆ. ಮೂಗಿನಿಂದ ತೆಳುವಾದ ನಳಿಕೆ ಇಳಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಒಂದೊಂದು ಸೆಂ.ಮೀ. ಅಂತರದಲ್ಲಿ 36 ಒತ್ತಡಮಾಪಕಗಳು. ರೋಗಿ 5 ಮಿ.ಲೀ. ನೀರನ್ನು ಹತ್ತು ಸಲ ನುಂಗುತ್ತಾನೆ. ಅಲೆ ಎಲ್ಲಿ ಸತ್ತಿತು, ಉಂಗುರ ತೆರೆಯಿತೇ ಎಂಬುದು ಪರದೆಯ ಮೇಲೆ ಬಣ್ಣಬಣ್ಣವಾಗಿ ಮೂಡುತ್ತದೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್-ರೇಯಲ್ಲಿ ಹಿಗ್ಗಿದ ಅನ್ನನಾಳದ ಕೆಳತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಾಣುತ್ತದೆ.

ಇಷ್ಟೆಲ್ಲ ಸಾಧನಗಳಿದ್ದರೂ ರೋಗ ತಡವಾಗಿ ಸಿಕ್ಕುವುದು ‘ಆಸಿಡಿಟಿ’ ಎಂಬ ಒಂದು ಮಾತಿನಿಂದ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿ, ರಾತ್ರಿ ತಡವಾಗಿ ಊಟ. ಎದೆಯಲ್ಲಿ ಏನೋ ಕಟ್ಟಿದಂತಾದರೆ ಗ್ಯಾಸ್ ಮಾತ್ರೆ ನುಂಗಿ ಸುಮ್ಮನಾಗುವುದು ಸಹಜ. ಅಕಲೇಸಿಯಾ ಅಪರೂಪದ ಕಾಯಿಲೆ. ವರ್ಷಕ್ಕೆ ಸುಮಾರು ಲಕ್ಷಕ್ಕೊಬ್ಬರಿಗೆ ಹೊಸದಾಗಿ ಬರುತ್ತದೆ. ಹಾಗೆಂದು ಕಡೆಗಣಿಸುವಂತಿಲ್ಲ. ಮೊದಮೊದಲೇ ಅನ್ನವಷ್ಟೇ ಅಲ್ಲ, ನೀರೂ ನಿಲ್ಲುತ್ತಿದ್ದರೆ, ಮಲಗಿದಾಗ ಉಂಡದ್ದು ಬಾಯಿಗೆ ಬಂದು ಕೆಮ್ಮು ಹತ್ತಿದರೆ, ತೂಕ ಇಳಿದರೆ ಮಾತ್ರೆ ಬದಲಿಸುತ್ತ ಕೂರಬೇಡಿ. ಮೊದಲು ಗಟ್ಟಿ ಆಹಾರ, ಆಮೇಲೆ ದ್ರವವೂ ಇಳಿಯದಾದರೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಎರಡಕ್ಕೂ ಎಂಡೋಸ್ಕೋಪಿಯೇ ಮೊದಲ ಹೆಜ್ಜೆ. ಪರೇಲಿನ ಕೆಇಎಂನಂಥ ಪಾಲಿಕೆಯ ಆಸ್ಪತ್ರೆಗಳಲ್ಲೂ ಜೀರ್ಣಾಂಗ ತಜ್ಞರಿದ್ದಾರೆ. ‘ಉರಿಯುತ್ತಿದೆ’ ಎಂದಷ್ಟೇ ಹೇಳಬೇಡಿ. ‘ನುಂಗಿದ್ದು ಇಳಿಯುತ್ತಿಲ್ಲ’ ಎಂದು ಬಿಡಿಸಿ ಹೇಳಿ.